ನಾಕು ಹನಿ ನೀಲಿ

ನಮ್ಮ ಮನೆಯವರು, ಗುರುಪಾದ, ಯಮಕನಮರಡಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹೋದ ವರ್ಷ ಗೋಕಾಕದಲ್ಲಿ ಮೀನು ಸಾಕುವ ಗಜಾನನ ಕಾಕಾನಿಂದ ಒಂದು ಜೋಡಿ ಫ್ಲವರ್‌ಹಾರ್ನ್ ಮೀನು ತಂದು ಪಡಸಾಲೆಯ ಗಾಜಿನ ತೊಟ್ಟಿಗೆ ಬಿಟ್ಟರು. ನಾಲ್ಕಾರು ಜಾತಿ ಬೆರೆಸಿದ ತಳಿ; ಗಂಡಿನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗುಬುಟು. ಮನೆಯಲ್ಲೇ ಮರಿ ಮಾಡಿಸಬೇಕೆಂಬುದು ಇವರ ಹಟ. ಗಂಡು ಹೆಣ್ಣನ್ನು ಕಚ್ಚುತ್ತಿತ್ತು. ನಡುವೆ ಜಾಳಿಗೆ ಇಟ್ಟು, ತೆಗೆದು, ಎಂಟು ತಿಂಗಳು ಸಂಧಾನ ನಡೆಯಿತು.

ಶ್ರಾವಣದಲ್ಲಿ ಕಡೆಗೂ ತೊಟ್ಟಿಯೊಳಗಿನ ಹಂಚಿನ ಮೇಲೆ ಐನೂರರಷ್ಟು ತತ್ತಿ ಬಿದ್ದವು. ಅಂಗಡಿಯಿಂದ ಇವರ ಫೋನು:

"ದ್ರಾಕ್ಷಾಯಿಣಿ, ತತ್ತಿಗೆ ಬೂಷ್ಟು ಹಿಡೀಬಾರದು. ಕಿಡಕ್ಯಾಗ ನೀಲಿ ಬಾಟಲಿ ಐತಿ, ನಾಕು ಹನಿ ಹಾಕು."

ಹಾಕಿದೆ. ಮರುದಿನ ತತ್ತಿಯೆಲ್ಲ ಕೆಟ್ಟು ಬೆಳ್ಳಗೆ. ಇವರು ಬಾಟಲಿ ಎತ್ತಿ ನೋಡಿದರು.

"ಎಲಾ ಇಕಿನ! ಇದು ಧೋತರಕ್ಕ ಹಾಕೋ ನೀಲಿ. ಮೀನಿನ ನೀಲಿ ಔಷಧ ಬಾಜೂಕ ಇತ್ತಲ್ಲ! ಬೆಳ್ಳಗ ಒಗದ ಇಟ್ಟೀದಿ, ಇನ್ನ ಇಸ್ತ್ರಿ ಒಂದ ಬಾಕಿ."

ನಕ್ಕರು. ಊಟಕ್ಕೆ ಕೂತಾಗ ಮಾತ್ರ ಎರಡನೇ ರೊಟ್ಟಿ ಮುಟ್ಟಲಿಲ್ಲ.

ತವರೂರು ಮಸಗುಪ್ಪಿಯಲ್ಲಿ ನನ್ನ ಅಪ್ಪ ಲಿಂಗಪೂಜೆಗೆ ಕೂತು ದಿನಾ ವಚನ ಹೇಳುತ್ತಿದ್ದ. ಬಾಗಿಲ ಹಿಂದೆ ಕೂತು ಕೇಳಿ ಕೇಳಿಯೇ ಅವು ನನ್ನ ಬಾಯಿಗೆ ಬಂದದ್ದು. ತತ್ತಿ ಕೆಟ್ಟ ಮರುದಿನ ನನ್ನ ಪೂಜೆಯಲ್ಲಿ, ದಯೆ ಎಂಬ ಮಾತು ಬರುವ ಸಾಲಿಗೆ ನನ್ನ ನಾಲಿಗೆ ನಿಂತಿತು. ಐನೂರು ಜೀವ ಕೊಂದ ಬಾಯಲ್ಲಿ ಅದನ್ನು ಹೇಳುವುದು ಹೇಗೆ? ಆ ಸಾಲು ಬಿಟ್ಟೇ ಪೂಜೆ ಮುಗಿಸತೊಡಗಿದೆ.

ಒಂದು ದಿನ ಗಜಾನನ ಕಾಕಾ ಮನೆಗೆ ಬಂದ. "ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ಇಂಥಾ ಬೆರಕೆ ತಳ್ಯಾಗ ಗಂಡು ಭಾಳ ಸಲ ಬಂಜಿ ಇರತಾವ. ತತ್ತಿಯೊಳಗ ಜೀವಾನ ಇರಲಿಲ್ಲೋ ಏನೋ."

"ಖರೇ ಗೊತ್ತಾಗೂದು ಹೆಂಗ್ರಿ?"

"ಮತ್ತೊಮ್ಮೆ ಇಡಲಿ, ನೋಡು. ಜೀವ ಇದ್ದದ್ದು ತಿಳಿಯಾಗಿರತೈತಿ. ಎರಡನೇ ದಿನಕ್ಕ ಒಳಗ ಕರೀ ಚುಕ್ಕಿ. ಇಲ್ಲಂದ್ರ ನೀಲಿ ಬೀಳದಿದ್ರೂ ಬೆಳ್ಳಗಾಗತಾವ."

ತಿಂಗಳಾದ ಮೇಲೆ ಹೆಣ್ಣು ಮತ್ತೆ ತತ್ತಿ ಇಟ್ಟಿತು. ಈ ಸಲ ಇವರೇ ಔಷಧ ಹಾಕಿದರು. ನಾನು ಅಂಗಡಿಯ ಭೂತಗನ್ನಡಿ ತರಿಸಿಕೊಂಡು ತೊಟ್ಟಿಯ ಮುಂದೆ ಕೂತೆ. ಜೋಳದ ನುಚ್ಚಿನಂಥ ತತ್ತಿಗಳು, ತಿಳಿಯಾಗಿಯೇ ಇದ್ದವು. ಗಂಡು ಅವುಗಳ ಮೇಲೆ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತಿತ್ತು.

"ಚುಕ್ಕಿ ಬರಲಪ್ಪಾ ಶಿವನೇ," ಎಂದರು ಇವರು ನನ್ನ ಹೆಗಲ ಹಿಂದಿನಿಂದ.

ನನ್ನೊಳಗೆ ಇನ್ನೊಂದು ಮಾತು ನಡೆದಿತ್ತು: ಬೆಳ್ಳಗಾಗಲಿ. ಬೆಳ್ಳಗಾದರೆ ನಾನು ಕೊಂದವಳಲ್ಲ. ಏನು ಬೇಡುತ್ತಿದ್ದೇನೆಂದು ತಿಳಿದಾಗ ಕನ್ನಡಿಯನ್ನು ಇವರ ಕೈಗೆ ಕೊಟ್ಟು ಎದ್ದೆ.

ಮರುದಿನ ಎಲ್ಲ ಬೆಳ್ಳಗೆ, ಒಂದೂ ಉಳಿಯದೆ.

"ಹೋಗಲಿ, ನಿನ್ನ ನೀಲಿ ನಿರಪರಾಧಿ," ಎಂದು ಇವರು ಹಂಚು ತೆಗೆಯಲು ತೋಳೇರಿಸಿದರು.

"ತಡೀರಿ. ಇವತ್ತೊಂದಿನ ಇರಲಿ."

"ನೀರು ಕೆಡತೈತಿ."

"ನಾಳೆ ನಾನ ಬದಲಿ ಮಾಡತೀನಿ."

ಗಂಡು ಮೀನು ಇನ್ನೂ ಗಾಳಿ ಬೀಸುತ್ತಲೇ ಇತ್ತು.

ಮರುದಿನ ಪೂಜೆಯಲ್ಲಿ ಆ ಸಾಲು ಬಿಡಲಿಲ್ಲ. ದಯೆಯ ಮಾತಿಗೆ ನಾಲಿಗೆ ಮತ್ತೆ ತಡವರಿಸಿತು, ಈ ಸಲ ಕೊಂದದ್ದಕ್ಕಲ್ಲ, ಬೆಳ್ಳಗಾಗಲೆಂದು ಬೇಡಿದ್ದಕ್ಕೆ. ತುಸು ಕಾದು, ಮೆಲ್ಲಗೆ ಹೇಳಿ ಮುಗಿಸಿದೆ. ಆಮೇಲೆ ಬಕೆಟ್ ಎತ್ತಿಕೊಂಡು ತೊಟ್ಟಿಯ ಕಡೆ ನಡೆದೆ.