ತಂಗಳು ನೀರು

ಮೋಹನ್‌ಕುಮಾರನಿಗೆ ಮಣ್ಣು ಮುಕ್ಕಿಸುವ ದಿನ ಬಂದೇ ಬರುತ್ತದೆ ಎಂದು ಯಶೋಧಾ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಅದನ್ನು ಅವನೇ ಕೈಯಾರೆ, ಅದೂ ಪೂಜೆಯ ದಿನವೇ, ತಂದುಕೊಳ್ಳುತ್ತಾನೆ ಎಂದು ಮಾತ್ರ ಎಣಿಸಿರಲಿಲ್ಲ.

ಹಿರೇಗುಂಟನೂರಿನ ಆಚೆ, ಗುಡ್ಡದ ಬುಡದಲ್ಲಿ ಎರ್ರಿಸ್ವಾಮಿಯ ಅದಿರು ತೊಳೆಯುವ ಕಾರ್ಖಾನೆ. ತೊಳೆದ ನೀರು ಕೆಂಪಗೆ ಕದಡಿ ದೊಡ್ಡ ಹೊಂಡದಲ್ಲಿ ನಿಲ್ಲುತ್ತದೆ. ಅದರೊಳಗಿನ ದೂಳು ಎಷ್ಟು ನುಣುಪೆಂದರೆ ತಿಂಗಳುಗಟ್ಟಲೆ ಬಿಟ್ಟರೂ ತಳ ಸೇರುವುದಿಲ್ಲ. ಹೊಂಡ ತುಂಬಿದಾಗಲೆಲ್ಲ ತೂಬು ಎತ್ತಿ ಹಳ್ಳಕ್ಕೆ ಬಿಡುತ್ತಿದ್ದರು. ಹಳ್ಳದ ದಂಡೆಯಲ್ಲೇ ಯಶೋಧಾಳ ತಾಯಿ ಹನುಮಮ್ಮನ ಹೊಲ. ಅಲ್ಲಿನ ಶೇಂಗಾ ಸೊಪ್ಪನ್ನು ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ ಹುಡುಗಿ ಇದೇ ಕಾರ್ಖಾನೆಗೆ ಬಂದು ಸೇರಿದ್ದು ಆ ನೀರಿನ ಮೇಲಿನ ಸಿಟ್ಟಿಗೆ. ಕಿವಿಗೆ ನಿಲುಕದಂಥ ಸದ್ದನ್ನು ನೀರಿನೊಳಗೆ ಹಾಯಿಸಿದರೆ ದೂಳಿನ ಕಣಗಳು ಸಾಲುಗಟ್ಟುತ್ತವೆ, ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಕೆಳಗಿಳಿಯುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಹಿಂದಿನ ಶೆಡ್ಡಿನಲ್ಲಿ ಒಂದು ಗಾಜಿನ ತೊಟ್ಟಿ ಕಟ್ಟಿ, ಕೆಟ್ಟಾಗಲೆಲ್ಲ ಮತ್ತೆ ಕಟ್ಟಿ, ಕೊನೆಗೂ ಅವಳು ಅದನ್ನು ಮಾಡಿ ತೋರಿಸಿದಳು. ತೋರಿಸಿದ್ದು ಮೋಹನ್‌ಕುಮಾರನಿಗೆ. ಅವಳಿಗಿಂತ ಹಿರಿಯ ಎಂಜಿನಿಯರು, ಮಾತಿನ ಮಲ್ಲ. ಚೆನ್ನಾಗೈತೆ ಎಂದು ಬೆನ್ನು ತಟ್ಟಿದವನು ವಾರ ಕಳೆಯುವುದರೊಳಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅದನ್ನು ತನ್ನದಾಗಿ ಮಾಡಿಕೊಂಡು ಎರ್ರಿಸ್ವಾಮಿಯ ಮುಂದಿಟ್ಟ. ಅವನು ಮ್ಯಾನೇಜರಾದ. ಅವಳನ್ನು ಗೇಟಿನ ಪಕ್ಕ ಲಾರಿ ತೂಕ ಹಾಕಿಸುವ ಕೋಣೆಗೆ ಕಳಿಸಿದರು.

ಕೇಳಲು ಹೋದಾಗ ಅವನು ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. "ನೀನು ಬರೀ ನೀರು ತುಂಬಿದ್ದು ಕಣಮ್ಮ. ನೀರು ತುಂಬೋರೆಲ್ಲ ಮಿಷಿನ್ನು ನಂದು ಅಂದ್ರೆ ಆಗ್ತೈತಾ?"

ಆ ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು.

ನೀರು ತುಂಬುವುದೇ ಅದರ ಮರ್ಮ ಎಂದು ಅವನಿಗೇನು ಗೊತ್ತು? ಯಶೋಧಾ ಹಿಂದಿನ ಸಂಜೆಯೇ ಹೊಂಡದ ನೀರು ತಂದು ತೊಟ್ಟಿಗೆ ತುಂಬಿ ಮುಚ್ಚಿಡುತ್ತಿದ್ದಳು. ನೀರಿನೊಳಗಿನ ಗಾಳಿಯೆಲ್ಲ ಬೆಳಗಾಗುವಷ್ಟರಲ್ಲಿ ಹೊರಗೆ ಹೋಗಬೇಕು. ಸಣ್ಣ ಗುಳ್ಳೆಗಳಿದ್ದರೂ ಸಾಕು, ಸದ್ದು ಅವಕ್ಕೆ ಬಡಿದು ಚದುರಿಹೋಗುತ್ತದೆ. ಬೆಳಗಿನ ಕೆಲಸ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಾಳೆ ಎಂದುಕೊಂಡಿದ್ದ ಮೋಹನ್‌ಕುಮಾರ ಕಾರಣ ಕೇಳಿರಲೇ ಇಲ್ಲ.

ಯಂತ್ರದ ಪೂಜೆಗೆ ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿ ಮಾಲೀಕರೆಲ್ಲ ಬಂದಿದ್ದರು. ಯಶೋಧಾ ಹಾಕಿಕೊಟ್ಟಿದ್ದ ರೂಢಿಯಂತೆ ಆಳುಗಳು ಹಿಂದಿನ ಸಂಜೆಯೇ ತೊಟ್ಟಿ ತುಂಬಿಸಿಟ್ಟಿದ್ದರು. ಅದನ್ನು ಕಂಡು ಮೋಹನ್‌ಕುಮಾರ ಸಿಡುಕಿದ.

"ಗಂಗೆ ಪೂಜೆ ಮಾಡ್ಬೇಕು, ನಿನ್ನೆ ತುಂಬಿದ ತಂಗಳು ನೀರಿಗೆ ಅರಿಶಿನ ಕುಂಕುಮ ಇಡಾದಾ? ಚೆಲ್ರಿ. ಹೊಸ ನೀರು ಬಿಡ್ರಿ."

ಅವನ ಮಾತಿನಲ್ಲಿ ತಪ್ಪೇನಿಲ್ಲ, ಯಾರ ಮನೆಯಲ್ಲೂ ಗಂಗೆಯನ್ನು ತಂಗಳು ನೀರಿನಲ್ಲಿ ಪೂಜಿಸುವುದಿಲ್ಲ. ಬೋರ್‌ವೆಲ್ ಪೈಪು ಹಿಡಿದರು. ನೀರು ಭೋರೆಂದು ನೊರೆಗಟ್ಟಿ ತುಂಬಿತು. ಅದಕ್ಕೆ ಹೊಂಡದ ಕೆಂಪು ಕೆಸರು ಹಾಕಿ ಚೆನ್ನಾಗಿ ಕಡೆದರು. ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಯಶೋಧಾಳ ನಾಲಿಗೆಯ ತುದಿಗೆ ಒಂದೇ ಒಂದು ಮಾತು ಬಂತು. ಅದನ್ನು ಅವಳು ನುಂಗಿದಳು. ನುಂಗಿದ ಮಾತು ಇಷ್ಟು ರುಚಿಯಾಗಿರುತ್ತದೆಂದು ಅವಳಿಗೆ ಅಂದೇ ಗೊತ್ತಾದದ್ದು.

ಮಂಗಳಾರತಿ ಆಯಿತು, ಸ್ವಿಚ್ ಒತ್ತಿದ್ದಾಯಿತು. ನೀರು ಕೆಂಪಗೇ ಇತ್ತು. ಮೋಹನ್‌ಕುಮಾರ ಗುಂಡಿ ತಿರುಗಿಸಿ ಸದ್ದು ಹೆಚ್ಚಿಸಿದ. ನೊರೆ ಎದ್ದಿತೇ ಹೊರತು ಒಂದು ಕಣವೂ ಕೆಳಗಿಳಿಯಲಿಲ್ಲ. ಬಂದವರಲ್ಲಿ ಯಾರೋ ಕಿಸಕ್ಕೆಂದರು. ಅವನ ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ಯುವುದನ್ನು ನೋಡುತ್ತ ಯಶೋಧಾಳ ಹೊಟ್ಟೆ ತಣ್ಣಗಾಯಿತು. ಇನ್ನಷ್ಟು ಬೆವರಲಿ ಎಂದುಕೊಂಡಳು.

ಎರ್ರಿಸ್ವಾಮಿ ಮೆಲ್ಲಗೆ ಎದ್ದರು. "ಇದನ್ನ ಗುಜರಿಗೆ ಹಾಕ್ರಿ. ಹೊಂಡ ತುಂಬೈತೆ, ತೂಬು ಎತ್ರಿ."

ಯಶೋಧಾಳಿಗೆ ಹಳ್ಳದ ದಂಡೆ ನೆನಪಾಯಿತು. ಹೊಲದಲ್ಲಿ ಶೇಂಗಾ ಕಾಯಿ ಕಟ್ಟುತ್ತಿತ್ತು. ಸುಮ್ಮನಿದ್ದರೆ ಅವ್ವನ ಬೆಳೆ ಹೋಗುತ್ತದೆ, ಬಾಯಿ ಬಿಟ್ಟರೆ ಇವನ ಮಾನ ಉಳಿಯುತ್ತದೆ. ಇವನನ್ನು ಉಳಿಸಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಅಷ್ಟರಲ್ಲೇ ಉಳಿಸದೆ ಆಡುವ ಮಾತೊಂದು ಹೊಳೆಯಿತು.

"ಸಾವ್ಕಾರ್ರೇ, ನಾಳೆ ಬೆಳಿಗ್ಗೆವರ್ಗೂ ತೂಬು ಎತ್ತಿಸ್ಬ್ಯಾಡ್ರಿ. ಇದು ಕೆಲ್ಸ ಮಾಡ್ತೈತೆ. ಇವತ್ತು ಯಾಕೆ ಮಾಡ್ಲಿಲ್ಲ ಅಂತ ಮೋಹನ್‌ಕುಮಾರ್ ಸರ್ ಹೇಳ್ಲಿ. ಮಾಡ್ದೋರಿಗೆ ಗೊತ್ತಿರ್ತೈತಲ್ಲ."

ಎಲ್ಲರೂ ಅವನತ್ತ ತಿರುಗಿದರು. ಕರೆಂಟು ಸರಿಯಿಲ್ಲ ಎಂದ. ಗಾಜು ದಪ್ಪವಾಯಿತು ಎಂದ. ಗುಂಡಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ.

"ಯಾರು ಮಾಡಿದ್ದಪ್ಪ ಇದನ್ನ?" ಎರ್ರಿಸ್ವಾಮಿ ಕೇಳಿದರು.

"ಯಶೋಧಾ, ಸರ್," ಎಂದ ಅವನು, ನೆಲ ನೋಡುತ್ತ.

ಎರ್ರಿಸ್ವಾಮಿ ಬೆಳಗಿನವರೆಗೆ ಕಾಯಲು ಒಪ್ಪಿದರು. ಅಷ್ಟಕ್ಕೆ ಅವಳು ಬಿಡಲಿಲ್ಲ. ಆ ಸಂಜೆ ಹೊಂಡದಿಂದ ಬಿಂದಿಗೆ ಬಿಂದಿಗೆಯಾಗಿ ಅವನ ಕೈಯಲ್ಲೇ ನೀರು ಹೊರಿಸಿದಳು. ಗುಳ್ಳೆ ಏಳದ ಹಾಗೆ ತೊಟ್ಟಿಯ ಅಂಚಿನಿಂದ ಮೆಲ್ಲಗೆ ಸುರಿಸಿದಳು. ಆಳುಗಳು ಕೈಕಟ್ಟಿ ನಿಂತು ನೋಡಿದರು. ಬರೀ ನೀರು ತುಂಬುವ ಕೆಲಸ ತಾನೇ ಸರ್ ಎಂದು ಅವಳು ನಡುನಡುವೆ ನೆನಪಿಸುತ್ತಿದ್ದಳು.

ಬೆಳಿಗ್ಗೆ ಎಲ್ಲರೆದುರು ಸ್ವಿಚ್ ಒತ್ತಿದಳು. ಕೆಂಪು ದೂಳು ಪಟ್ಟೆಪಟ್ಟೆಯಾಗಿ ಕೂಡಿಕೊಂಡು ನೋಡನೋಡುತ್ತ ತಳಕ್ಕೆ ಕುಸಿಯಿತು. ಮೇಲಿನ ನೀರಿನಾಚೆ ಗುಡ್ಡ ಕಾಣಿಸಿತು. ಎರ್ರಿಸ್ವಾಮಿ ಶಹಬ್ಬಾಸ್ ಎಂದರು. ಯಶೋಧಾ ಆ ನೀರನ್ನು ಲೋಟದಲ್ಲಿ ತುಂಬಿ ಮೋಹನ್‌ಕುಮಾರನಿಗೆ ಕೊಟ್ಟಳು.

"ಕುಡೀರಿ ಸರ್. ತಂಗಳು ನೀರು. ನಮ್ಮವ್ವ ಇದ್ಕಿಂತ ಕೆಂಪಗಿರಾದನ್ನ ಎಷ್ಟೋ ವರ್ಷ ಕುಡಿದಾಳೆ."

ಅವನು ಎರ್ರಿಸ್ವಾಮಿಯ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು. ಕುಡಿದ. ಕೊನೆಯ ಗುಟುಕು ಗಂಟಲಲ್ಲಿ ಇಳಿಯುವವರೆಗೂ ಯಶೋಧಾ ಕಣ್ಣು ಕೀಳಲಿಲ್ಲ. ಆಮೇಲೆ ಲೋಟ ತೊಳೆದು, ಇನ್ನೊಮ್ಮೆ ತುಂಬಿ, ಇಷ್ಟು ವರ್ಷ ಹಳ್ಳಕ್ಕೆ ತೂಬು ಎತ್ತಿಸಿದ್ದ ಎರ್ರಿಸ್ವಾಮಿಯ ಮುಂದೆ ಹಿಡಿದಳು.