ಅತ್ತೆ ತೊಳೆದ ರೋಲು

ಊರಿನವರಿಗೆಲ್ಲ ಕಣ್ಣು ಸರಿಯಾಗಿ ಕಾಣುವಂತೆ ಮಾಡುವುದು ಅವನ ಕಸುಬು. ಆದರೆ ಅವನು ತೆಗೆದ ಫೋಟೊಗಳು ಮಾತ್ರ ಯಾರ ಕಣ್ಣಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಭಾನುವಾರ ಬಂತೆಂದರೆ ಕನ್ನಡಕದಂಗಡಿಯ ಬಾಗಿಲೆಳೆದು, ಹಳೆಯ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಸಮುದ್ರದ ದಂಡೆಗೆ ಹೋಗುತ್ತಿದ್ದ. ಫೋನಿನಲ್ಲಿ ತೆಗೆಯಲು ಮನಸ್ಸೊಪ್ಪದು, ಫಿಲ್ಮ್ ರೋಲೇ ಆಗಬೇಕು. ಅಷ್ಟು ಹಟ ಹಿಡಿದು ತೆಗೆದದ್ದಾದರೂ ಏನು? ಸಮುದ್ರ. ಅದರ ಮುಂದಿನ ವಾರ? ಮತ್ತೆ ಸಮುದ್ರ.

"ಇದು ಹೋದ ವಾರ ತೋರಿಸಿದ್ದೇ ಅಲ್ವೇನ್ರೀ?" ಎಂದು ಹೆಂಡತಿ ಕೇಳಿದರೆ, "ಅಲ್ಲ ಕಣೆ, ಇದ್ರಲ್ಲಿ ಅಲೆ ವಾಪಸ್ ಹೋಗ್ತಿದೆ," ಎಂದು ಮುಖ ಊದಿಸಿಕೊಳ್ಳುತ್ತಿದ್ದ.

ಆ ಮನೆಯಲ್ಲಿ ಮೂರನೆಯವರು ಅವನ ಅತ್ತೆ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು. ಬಹಳ ಕಾಲ ಲಾಂಡ್ರಿ ನಡೆಸಿ, ಮನುಷ್ಯರ ಯೋಗ್ಯತೆಯನ್ನು ಅವರ ಶರ್ಟಿನ ಕಾಲರಿನಲ್ಲಿ ಓದಲು ಕಲಿತವರು. ಅಳಿಯ ಮೊದಲ ಸಲ ಮನೆಗೆ ಬಂದಾಗ ಅವನ ಕಾಲರ್ ನೋಡಿ ಹಾಕಿದ ಅಂಕವನ್ನು ಇವತ್ತಿಗೂ ತಿದ್ದಿರಲಿಲ್ಲ. ಅವನೊಂದಿಗೆ ನೇರವಾಗಿ ಮಾತೇ ಇಲ್ಲ. ಅವನು ಎದುರಿಗೇ ಕೂತು ಉಣ್ಣುತ್ತಿದ್ದರೂ, "ನಿನ್ನ ಗಂಡನಿಗೆ ಉಪ್ಪು ಬೇಕಾ ಕೇಳು," ಎಂದು ಮಗಳಿಗೆ ಹೇಳುವರು. ಅವನು ಬೇಡ ಎಂದರೆ, "ಬೇಡ್ವಂತೆ ಅಮ್ಮ," ಎಂದು ಅವಳು ದಾಟಿಸಬೇಕು. ಮೂರೇ ಜನರಿದ್ದ ಮನೆಯಲ್ಲಿ ಒಬ್ಬಳಿಗೆ ದುಭಾಷಿಯ ಕೆಲಸ, ಅದೂ ರಜೆಯಿಲ್ಲದೆ.

ಗಂಡ ಹೋದ ಮೇಲೆ ಅತ್ತೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಕ್ಯಾಮೆರಾ ಕಂಡರಂತೂ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. "ಅಮ್ಮ ನಕ್ಕರೆ ಹೇಗೆ ಕಾಣ್ತಿದ್ಲು ಅನ್ನೋದೇ ಮರೆತು ಹೋಗ್ತಿದೆ ರೀ," ಎಂದು ಹೆಂಡತಿ ಒಮ್ಮೆ ಅಂದಿದ್ದಳು.

ಹೀಗಿರುವಾಗ ಒಂದು ಭಾನುವಾರ, ಮನೆಯಲ್ಲಿ ಸೆಕೆ ತಾಳಲಾರದೆ ಅತ್ತೆಯೂ ಮಗಳೊಂದಿಗೆ ದಂಡೆಗೆ ಬಂದರು. ನೀರಿನಂಚಿನಲ್ಲಿ ನಿಂತಿದ್ದಾಗ ಅಲೆಯೊಂದು ಅವರ ಚಪ್ಪಲಿಯನ್ನು ಎಳೆದುಕೊಂಡು ಹೋಯಿತು. ಒಂದೇ ಚಪ್ಪಲಿ ಇಟ್ಟುಕೊಂಡು ಮಾಡುವುದೇನು ಎಂದು ಅವರು ಇನ್ನೊಂದನ್ನೂ ಸಿಟ್ಟಿನಿಂದ ನೀರಿಗೆಸೆದರು. ಅಷ್ಟರಲ್ಲಿ ಮೊದಲನೆಯದು ತೇಲಿಕೊಂಡು ಬಂದು ಅವರ ಕಾಲ ಬಳಿಯೇ ನಿಂತಿತು. ಅತ್ತೆ ಅದನ್ನು ನೋಡಿದರು, ಸಮುದ್ರವನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿಗಂತಕ್ಕೆ ಗುರಿಯಿಟ್ಟು ನಿಂತಿದ್ದ ಅಳಿಯ ಗಕ್ಕನೆ ತಿರುಗಿ ಗುಂಡಿ ಒತ್ತಿದ. ಅಪರೂಪಕ್ಕೆ ಕೈ ನಡುಗಲಿಲ್ಲ.

"ಸಿಕ್ತಾ?" ಹೆಂಡತಿ ಪಿಸುಗುಟ್ಟಿದಳು.

"ಸಿಕ್ತು."

ಅತ್ತೆಗೆ ಗೊತ್ತಾದರೆ ರೋಲನ್ನು ಸಮುದ್ರಕ್ಕೇ ಎಸೆದಾರೆಂದು ಗಂಡ ಹೆಂಡಿರಿಬ್ಬರೂ ಬಾಯಿ ಬಿಡಲಿಲ್ಲ. ಹೆಂಡತಿ ಗೋಡೆಯ ಮೇಲೆ ಜಾಗ ನೋಡಿ ಮೊಳೆಯನ್ನೂ ಹೊಡೆದಳು.

ತೊಂದರೆಯಿದ್ದದ್ದು ಬಚ್ಚಲುಮನೆಯಲ್ಲಿ. ಫಿಲ್ಮನ್ನು ಕತ್ತಲಲ್ಲಿ ಔಷಧಿಗೆ ಹಾಕಿ ಚಿತ್ರ ಬರಿಸುವ ಕೆಲಸವನ್ನು ಅವನು ಅಲ್ಲೇ ಮಾಡಬೇಕು. ಆದರೆ ಅಲ್ಲಿ ಅತ್ತೆ ನೆನೆಸಿಟ್ಟ ಬಟ್ಟೆಗಳ ಬಕೆಟ್ಟುಗಳು ಕಾಲಿಡಲೂ ಜಾಗ ಬಿಡುತ್ತಿರಲಿಲ್ಲ. ಈ ಕೆಲಸಕ್ಕೆ ನಮ್ಮ ಮಾತಿನಲ್ಲಿ ಇರುವ ಹೆಸರೂ ಒಂದು ಎಡವಟ್ಟು. ರೋಲು ತೊಳೆಯುವುದು ಅನ್ನುತ್ತೇವೆ.

"ರೋಲು ತೊಳೆದ್ರಾ?" ಎಂದು ಹೆಂಡತಿ ಬೆಳಗಾದರೆ ಕೇಳುವಳು.

"ಎಲ್ಲಿ ತೊಳೀಲಿ? ಜಾಗ ಬೇಡ್ವಾ?"

"ಇವತ್ತಾದ್ರೂ ತೊಳೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆಗೆ ಒಳಗೊಳಗೇ ಕುದಿಯುತ್ತಿತ್ತು. ತೊಳೆಯುವ ವಿಷಯಕ್ಕೆ ತಮ್ಮ ಮಗಳು ಇನ್ನೊಬ್ಬರ ಕಾಲು ಹಿಡಿಯುವುದೆ? ಅದೂ ತಾವು ಗಟ್ಟಿಮುಟ್ಟಾಗಿ ಇದೇ ಮನೆಯಲ್ಲಿ ಇರುವಾಗ!

ಒಂದು ಸಂಜೆ ಅವನು ಅಂಗಡಿಯಿಂದ ಬಂದಾಗ ಬಾಲ್ಕನಿಯ ಹಗ್ಗದಲ್ಲಿ ಅವನ ಎರಡು ಕಾಲುಚೀಲಗಳ ನಡುವೆ ಉದ್ದನೆಯ ಪಟ್ಟಿಯೊಂದು ತೂಗುತ್ತಿತ್ತು. ಬಟ್ಟೆಯ ಕ್ಲಿಪ್ಪು ಹಾಕಿತ್ತು. ಅದರ ಮೂಲಕ ಎದುರು ಮನೆಯ ಕಿಟಕಿ ಒಂಚೂರೂ ಮಸುಕಿಲ್ಲದೆ ಕಾಣುತ್ತಿತ್ತು. ಅವನ ಕೈಯಿಂದ ಚೀಲ ಜಾರಿ ಬಿತ್ತು.

"ನೋಡಪ್ಪ," ಎಂದರು ಹಿಂದಿನಿಂದ ಅತ್ತೆ. "ನಿನ್ನ ರೋಲು ತೊಳೆದಿದೀನಿ. ಡಬ್ಬಿಯಿಂದ ನಾಲಿಗೆ ಚಾಚ್ಕೊಂಡಿತ್ತು, ಹಿಡಿದು ಎಳೆದೆ. ಅಬ್ಬಬ್ಬಾ, ಏನು ಕೊಳೆ! ಸೋಪಿಗೆ ಜಗ್ಗಲಿಲ್ಲ. ಬ್ಲೀಚ್ ಹಾಕಿ ಬ್ರಷ್‌ನಲ್ಲಿ ತಿಕ್ಕಿದ ಮೇಲೆ ಬಿಡ್ತು ನೋಡು. ಒಂದು ಕಲೆ ಉಳಿದಿದ್ರೆ ಕೇಳು."

ಒಂದು ಕಲೆಯೂ ಉಳಿದಿರಲಿಲ್ಲ, ಒಂದು ಚಿತ್ರವೂ. ಆದರೆ ಅತ್ತೆ ಅವನನ್ನು ನೋಡುತ್ತಿದ್ದರು, ಅವನೊಂದಿಗೇ ಮಾತಾಡುತ್ತಿದ್ದರು. ಬ್ಲೀಚಿನಿಂದ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಸೈ ಅನ್ನಿಸಿಕೊಳ್ಳಲು ಕಾದು ನಿಂತಿದ್ದರು.

"ಫಳಫಳ ಅಂತಿದೆ ಅತ್ತೆ," ಎಂದ.

"ಮತ್ತೆ? ಏನಿತ್ತು ಅದ್ರಲ್ಲಿ?"

ಆಗಲೇ ಹೆಂಡತಿ ಕೆಲಸದಿಂದ ಬಂದಳು. ಪಟ್ಟಿಯನ್ನು ನೋಡಿದಳು, ಕ್ಲಿಪ್ಪು ತೆಗೆದು ಬೆಳಕಿಗೆ ಹಿಡಿದಳು, ಅಮ್ಮನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ: "ಸಮುದ್ರ ಅತ್ತೆ. ಬರೀ ಸಮುದ್ರ."

"ಅದನ್ನೇ ಎಷ್ಟು ಸಲ ಅಂತ ತೆಗೀತೀಯ? ನಂದೊಂದು ತೆಗಿ ಈ ಸಲ. ಹೇಗೂ ನಾನೇ ತೊಳ್ಕೊಡ್ತೀನಿ."

ಹೆಂಡತಿ ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ಅವನು ಹಿಂದೆಯೇ ಹೋದ. ಅಳುವುದನ್ನು ಮುಗಿಸಿ, "ಹೇಳ್ಬೇಕಿತ್ತು ನೀವು," ಎಂದಳು. "ಅದೊಂದೇ ಇದ್ದದ್ದು."

"ಹೇಳಿದ್ರೆ ನಿಮ್ಮಮ್ಮ ಇನ್ನು ಈ ಜನ್ಮದಲ್ಲಿ ನಗಲ್ಲ ಕಣೆ."

ಅವಳಿಗೂ ಅದು ಗೊತ್ತಿತ್ತು. ಆದರೂ ಅವತ್ತು ಯಾರಿಗೂ ಊಟ ಸೇರಲಿಲ್ಲ, ಅತ್ತೆಗೊಬ್ಬರಿಗೆ ಬಿಟ್ಟು.

ಮುಂದಿನ ಭಾನುವಾರ ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯಲ್ಲಿ ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ಸ್ವಲ್ಪ ನಗಿ ಅಂದರೆ ಇನ್ನಷ್ಟು ಸೆಟೆದುಕೊಂಡರು. ಅವನು ಬಗೆಬಗೆಯಾಗಿ ತೆಗೆದ. ಎಲ್ಲದರಲ್ಲೂ ಕಾವಲಿಗೆ ನಿಂತವರ ಮುಖ. ನಗಿಸಲೆಂದು ಮಗಳು ತನ್ನ ಚಪ್ಪಲಿಯನ್ನೇ ಅಲೆಗೆ ಎಸೆದು ನೋಡಿದಳು. ಅದು ವಾಪಸು ಬರಲಿಲ್ಲ.

ಮನೆಗೆ ಬಂದೊಡನೆ ಅತ್ತೆ ಬಕೆಟ್ಟುಗಳನ್ನೆಲ್ಲ ಹೊರಗಿಟ್ಟು ತೋಳು ಮಡಚಿ ನಿಂತರು. "ಕೊಡು ರೋಲು. ಬ್ಲೀಚ್ ತರ್ಲಾ?"

"ಬೇಡ ಬೇಡ!" ಅವನು ರೋಲನ್ನು ಬೆನ್ನ ಹಿಂದೆ ಹಿಡಿದ. "ಇದು ನಾಜೂಕಿನ ಮಾಲು ಅತ್ತೆ. ಬೆಳಕು ಕಂಡ್ರೆ ಕೆಟ್ಟು ಹೋಗತ್ತೆ. ಇದಕ್ಕೆ ಬೇರೆ ಔಷಧಿ. ಇಬ್ರೂ ಸೇರಿ ತೊಳೆಯೋಣ."

"ಬಣ್ಣ ಬಿಡೋ ಬಟ್ಟೆ ಥರಾನಾ?"

"ಅದೇ ಥರ."

"ಹಾಗಾದ್ರೆ ಹೋದ ಸಲದ್ದು?"

"ಅದು ಗಟ್ಟಿ ಮಾಲು," ಎಂದು ಅವನು ಕಣ್ಣು ತಪ್ಪಿಸಿದ.

ದೀಪವಾರಿಸಿ, ರೋಲನ್ನು ಡಬ್ಬಿಯೊಳಗೆ ಸುತ್ತಿ, ಮುಚ್ಚಳ ಬಿಗಿದು ಮತ್ತೆ ದೀಪ ಹಾಕಿದ. ಡಬ್ಬಿ ಅಲ್ಲಾಡಿಸುವ ಕೆಲಸವನ್ನು ಅತ್ತೆ ಕಿತ್ತುಕೊಂಡರು. ಕಲುಕಿ ನಿಲ್ಲಿಸಿ, ಮತ್ತೆ ಕಲುಕುವ ಹದ ಅವರ ಕೈಗೆ ತಾನಾಗಿ ಬಂತು. "ಯಾವ ಸೋಪಪ್ಪ ಇದು, ನೊರೆಯೇ ಇಲ್ಲ," ಎಂದು ಗೊಣಗಿದ್ದು ಬಿಟ್ಟರೆ ಅವನಿಗಿಂತ ಅಚ್ಚುಕಟ್ಟಾಗಿ ಮಾಡಿದರು. ಎಲ್ಲ ಮುಗಿದು ನೀರಿನಲ್ಲಿ ಜಾಲಾಡಿಸಿದ ಮೇಲೆ ಅವನು ಪಟ್ಟಿಯನ್ನು ದೀಪಕ್ಕೆ ಹಿಡಿದು ತೋರಿಸಿದ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಕಪ್ಪು ಬಿಳಿ ಅದಲುಬದಲಾದ ಪುಟ್ಟ ಪುಟ್ಟ ಚಿತ್ರಗಳು. ಅವರ ಮುಖ ಕಪ್ಪಾಗಿತ್ತು. ಹತ್ತಿಯ ಹಾಗೆ ಬೆಳ್ಳಗಿದ್ದ ತಲೆಗೂದಲು ಕಡುಗಪ್ಪಾಗಿತ್ತು.

"ಅಯ್ಯೋ! ನನ್ ಕೂದ್ಲು!" ಎಂದರು. "ನೋಡೋ, ಒಂದೂ ನರೆತಿಲ್ಲ! ಅವ್ರಿದ್ದಿದ್ರೆ ಇದ್ಯಾರ ಮನೆ ಹುಡುಗಿ ಅಂತ ಕೇಳೋರು!" ಅಷ್ಟು ಹೇಳುವಷ್ಟರಲ್ಲಿ ನಗು ಉಕ್ಕಿತು. "ಮುಖಕ್ಕೆ ಮಾತ್ರ ಮಸಿ ಬಳ್ಕೊಂಡಿದಾಳೆ!" ಎಂದು ಮತ್ತೆ ನೋಡಿದರು, ಮತ್ತೆ ನಕ್ಕರು, ನಿಲ್ಲಲಾರದೆ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತರು.

ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು. "ಏನ್ರೀ ಅದು ಗಲಾಟೆ?"

"ನಿಮ್ಮಮ್ಮ ನಗ್ತಿದಾರೆ."

ಅವಳು ಕೂಗಿದಳು: "ಫೋಟೊ ತೆಗೀರೀ! ಬೇಗ!"

ಅವನು ಅಗುಳಿ ತೆಗೆದು ಬಾಗಿಲನ್ನು ಪೂರ್ತಿ ತೆರೆದ.

"ಫೋಟೊ ಯಾಕೆ? ಬಾರೇ ಒಳಗೆ, ನೋಡು."