ಮೀನು ಸಾರಿಗೆ ಸೋಂಪು

ಅಕ್ಕುವಿನ ಮೂಗು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಒಂದು ವಾರ ಕಾಡಿದ ಜ್ವರ ಬಿಟ್ಟುಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬೇರೆ ಯಾರ ಮೂಗಾಗಿದ್ದರೂ ಹೋಗಲಿ ಬಿಡು ಎನ್ನಬಹುದಿತ್ತು. ಇದು ಮೂವತ್ತೈದು ವರ್ಷ ಮಲ್ಪೆಯಿಂದ ಸಂತೆಕಟ್ಟೆಗೆ ಮೀನಿನ ಬುಟ್ಟಿ ಹೊತ್ತವಳ ಮೂಗು. ಐಸಿನಲ್ಲಿ ಎರಡು ದಿನ ಮಲಗಿದ ಬಂಗುಡೆಯನ್ನು ಅವಳು ಹತ್ತು ಮಾರು ದೂರದಿಂದಲೇ ಹೇಳಿಬಿಡುತ್ತಿದ್ದಳು. ಬಂದರಿನಲ್ಲಿ ಏಲಂ ಕೂಗುವವರು ಕೂಡ ಅವಳ ಎದುರು ಸ್ವಲ್ಪ ತಗ್ಗಿಯೇ ಮಾತಾಡುತ್ತಿದ್ದರು.

ಅವಳು ಯಾರಿಗೂ ಹೇಳಲಿಲ್ಲ. ಮಗ ಯಶ್ವಂತನಿಗೆ ಗೊತ್ತಾದರೆ ಕಾರ್ಕಳದ ಮಗಳು ಸೌಮ್ಯಶ್ರೀಗೆ ಗೊತ್ತಾಗುತ್ತದೆ, ಸೌಮ್ಯಶ್ರೀಗೆ ಗೊತ್ತಾದರೆ ಅಂಗಡಿಯ ಪ್ಯಾಕೆಟ್ ಮಸಾಲೆ ಮನೆಗೆ ಬರುತ್ತದೆ. ಅವಳ ಹೆದರಿಕೆ ಅಷ್ಟೇ. ಮೊಣಕಾಲು ಸೋತು ಬುಟ್ಟಿ ಕೆಳಗಿಟ್ಟ ಮೇಲೆ, ಜನ ಅವಳಿಗಾಗಿ ಕಾಯುತ್ತಿದ್ದ ಕೆಲಸ ಒಂದೇ ಉಳಿದಿತ್ತು. ಮಳೆಗಾಲಕ್ಕೆ ಮುಂಚೆ ತನ್ನ ಮನೆಗೆ, ಮಗಳ ಮನೆಗೆ, ಕಾಪುವಿನ ತಮ್ಮನ ಮನೆಗೆ ವರ್ಷಕ್ಕಾಗುವಷ್ಟು ಮೀನು ಸಾರಿನ ಪುಡಿ ಮಾಡುವುದು. ಅದನ್ನೂ ಕಿತ್ತುಕೊಂಡರೆ ತಾನು ಮನೆಯಲ್ಲಿ ಬರೀ ಊಟಕ್ಕಿರುವ ಮುದುಕಿ ಎಂದು ಅವಳಿಗೆ ಅನಿಸುತ್ತಿತ್ತು.

ಹಾಗಾಗಿ ಏಪ್ರಿಲ್‌ನಲ್ಲಿ, ಸೊಸೆ ನಿಖಿತಾ ಮಣಿಪಾಲದ ಲ್ಯಾಬಿನ ಕೆಲಸಕ್ಕೆ ಹೋದ ಒಂದು ದಿನ, ಅಕ್ಕು ಸೆರಗು ಬಿಗಿದು ಒಬ್ಬಳೇ ಒಲೆಯ ಮುಂದೆ ಕೂತಳು. ಬ್ಯಾಡಗಿ ಮೆಣಸು ಬಿಸಿಲಿಗೆ ಗರಿಗರಿಯಾಗಿತ್ತು, ಅದನ್ನು ಬಣ್ಣ ನೋಡಿ ಹುರಿದಳು. ಕೊತ್ತಂಬರಿಯನ್ನು ಅಂದಾಜಿನಲ್ಲಿ ಇಳಿಸಿದಳು. ಮೆಂತೆ ಕೆಂಪಾಗುವ ಮೊದಲೇ ಹೆದರಿ ತೆಗೆದಳು. ಉಳಿದದ್ದು ಜೀರಿಗೆ.

ಆ ಮನೆಯ ಸಾಂಬಾರ ಸಾಮಾನೆಲ್ಲ ಇದ್ದದ್ದು ಗಲ್ಫಿನ ಹಾಲಿನ ಪುಡಿ ಡಬ್ಬಗಳಲ್ಲಿ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಹೆಸರು ಬರೆದ ಚೀಟಿ ಅಂಟಿಸಿದರೆ ಅಕ್ಕುವಿಗೆ ಅವಮಾನ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಗೊತ್ತಾಗದಿದ್ದರೆ ಅವಳೆಂಥ ಮನೆಯಾಕೆ, ಎನ್ನುತ್ತಿದ್ದಳು. ಕನ್ನಡಕ ಹುಡುಕುವ ತಾಳ್ಮೆಯೂ ಅವಳಿಗಿರಲಿಲ್ಲ. ನಾಲ್ಕನೇ ಡಬ್ಬ ತೆಗೆದಳು, ಬೆರಳಿನಿಂದ ಮುಟ್ಟಿ ನೋಡಿದಳು, ಬಾಣಲೆಗೆ ಸುರಿದಳು. ನಿಖಿತಾ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸೋಂಪು ಅದು. ಸಂಜೆಯೊಳಗೆ ಎಲ್ಲವೂ ಮಿಲ್ಲಿಗೆ ಹೋಗಿ ಪುಡಿಯಾಗಿ ಬಂತು.

ಭಾನುವಾರ ಸೌಮ್ಯಶ್ರೀ ತನ್ನ ಪಾಲು ಒಯ್ಯಲು ಕಾರ್ಕಳದಿಂದ ಬಂದಳು. ಹೊಸ ಪುಡಿಯಲ್ಲಿ ಬಂಗುಡೆ ಸಾರಾಗಿತ್ತು. ಐಸ್ ಪ್ಲಾಂಟಿನ ಕೆಲಸ ಮುಗಿಸಿ ಯಶ್ವಂತನೂ ಬಂದು ಸೇರಿದ. ಎಲ್ಲರೂ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿದರು. ಅಕ್ಕು ತಾನು ಉಣ್ಣದೆ ಬೇರೆಯವರ ಮುಖವನ್ನೇ ನೋಡುತ್ತಿದ್ದಳು.

ಸೌಮ್ಯಶ್ರೀಯ ಕೈ ನಿಂತಿತು. "ಅಮ್ಮ, ಇದೆಂತ ಇದು? ಹೋಟೆಲಿನ ಪನೀರ್ ತಿಂದ ಹಾಗೆ ಉಂಟು. ಸೋಂಪು ಹಾಕಿದ್ದೀಯಾ?"

ನಾಲ್ಕನೇ ಡಬ್ಬ ಅಕ್ಕುವಿನ ಕಣ್ಣೆದುರು ಬಂದು ನಿಂತಿತು. ಏನಾದರೊಂದು ಸುಳ್ಳು ಹುಡುಕುವಷ್ಟರಲ್ಲಿ ನಿಖಿತಾ ಬಾಯಿ ಹಾಕಿದಳು.

"ನಾನು ಹುರಿದದ್ದು ಸೌಮ್ಯಕ್ಕ. ಮಾಮಿಗೆ ಕಾಲು ನೋವಿತ್ತು. ಡಬ್ಬ ತಪ್ಪಿತು ನನಗೆ."

ಸೌಮ್ಯಶ್ರೀಗೆ ಅಷ್ಟು ಸಾಕಾಯಿತು. "ಅದನ್ನು ಮೊದಲೇ ಹೇಳಬಾರದಾ ಮಾರಾಯ್ತಿ! ನಂದಿಕೂರಿನ ಗದ್ದೆಯ ನಡುವೆ ಬೆಳೆದವಳು ನೀನು, ಮೀನು ಅಂದರೆ ಸ್ಕೂಟರ್‌ನಲ್ಲಿ ಬರುವುದು ಅಂತ ಗೊತ್ತು ಅಷ್ಟೇ. ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕುವುದು? ಅಮ್ಮನ ಒಂದು ವರ್ಷದ ಪುಡಿ ಹಾಳಾಯಿತಲ್ಲ!"

ನಿಖಿತಾ ತಲೆ ತಗ್ಗಿಸಿ ಸಾರು ಅನ್ನ ಉಣ್ಣುತ್ತಲೇ ಇದ್ದಳು. ಮದುವೆಯಾಗಿ ಬಂದ ಈ ಎರಡು ವರ್ಷದಲ್ಲಿ ಅವಳು ಹೆಚ್ಚು ಮಾತಾಡಿದ್ದೇ ಇಲ್ಲ. ಸೌಮ್ಯಶ್ರೀ ಈಗ ಆಡಿದ ಮಾತುಗಳೆಲ್ಲ ಅಕ್ಕುವೇ ಬೇರೆ ಬೇರೆ ದಿನ ಅವಳಿಗೆ ಆಡಿದ್ದವು. ಹೋದ ತಿಂಗಳು ಅಕ್ಕು ಕೊಂಡು ತಂದ ಬಂಗುಡೆ ಮಧ್ಯಾಹ್ನದೊಳಗೆ ಕಾಣೆಯಾಗಿ, ಸಂಜೆ ಬೇರೆ ಮೀನು ಪಾತ್ರೆಯಲ್ಲಿತ್ತು. ಬೆಕ್ಕು ಒಯ್ಯಿತು ಮಾಮಿ, ಎಂದಿದ್ದಳು ನಿಖಿತಾ. ಆ ಬೆಕ್ಕಿಗೆ ಅಕ್ಕು ಎಷ್ಟು ಬೈದಿದ್ದಳು! ತಾನು ತಂದದ್ದು ಕೆಟ್ಟ ಮೀನು, ತನ್ನ ಮೂಗಿನ ವಿಷಯ ಈ ಹುಡುಗಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವಳಿಗೆ ಈಗ ಹೊಳೆಯಿತು.

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಪುಡಿ ಹಾಳಾದದ್ದು ಸೊಸೆಯ ಲೆಕ್ಕಕ್ಕೆ ಹೋಗುತ್ತಿತ್ತು, ಮುಂದಿನ ವರ್ಷವೂ ಅಕ್ಕುವೇ ಒಲೆಯ ಮುಂದೆ ಕೂರುತ್ತಿದ್ದಳು. ಒಂದು ತುತ್ತು ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಅವಳು ಸುಮ್ಮನಿದ್ದಳು ಕೂಡ. ಆ ತುತ್ತಿಗೆ ಬರೀ ಉಪ್ಪು, ಹುಳಿ, ಖಾರ.

"ಅವಳಿಗೆ ಬೈಯಬೇಡ," ಎಂದಳು ಅಕ್ಕು. "ಅವತ್ತು ಅವಳು ಮನೆಯಲ್ಲೇ ಇರಲಿಲ್ಲ. ಹುರಿದದ್ದು ನಾನು. ಜ್ವರ ಬಂದ ಮೇಲೆ ನನಗೆ ವಾಸನೆ ಗೊತ್ತಾಗುವುದಿಲ್ಲ. ಸೋಂಪೂ ಇಲ್ಲ, ಜೀರಿಗೆಯೂ ಇಲ್ಲ, ಕೊಳೆತ ಮೀನೂ ಇಲ್ಲ."

ಯಶ್ವಂತ ಅಮ್ಮನ ಮುಖವನ್ನೇ ನೋಡಿದ. ಸೌಮ್ಯಶ್ರೀಯ ಕಣ್ಣು ತುಂಬಿತು. ಅವಳು ಬಾಯಿ ಜೋರು, ಕರುಳು ಮೆತ್ತಗೆ. "ಒಬ್ಬಳೇ ಎಷ್ಟು ದಿನ ಇಟ್ಟುಕೊಂಡಿದ್ದೆ ಅಮ್ಮ? ನಾಳೆಯೇ ಡಾಕ್ಟರ ಹತ್ತಿರ ಹೋಗುವ," ಎಂದಳು. ಆಮೇಲೆ ನಿಖಿತಾಳ ಕಡೆ ತಿರುಗಿ, ಅವಳ ತಟ್ಟೆಗೆ ತನ್ನ ಪಾಲಿನ ಹುರಿದ ಮೀನು ಹಾಕಿದಳು.

ಡಾಕ್ಟರು, ಹೋದ ವಾಸನೆ ಕೆಲವರಿಗೆ ಬೇಗ ಮರಳುತ್ತದೆ, ಕೆಲವರಿಗೆ ತಡವಾಗುತ್ತದೆ ಎಂದರು. ಪ್ಯಾಕೆಟ್ ಮಸಾಲೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಲು ನಿಖಿತಾ ಬಿಡಲಿಲ್ಲ ಎನ್ನಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಹೊಸ ಮೆಣಸು, ಹೊಸ ಕೊತ್ತಂಬರಿ ತಂದು ಅಡುಗೆಮನೆಯಲ್ಲಿ ಇಳಿಸಿದಳು.

"ನನಗೆ ಗೊತ್ತಾಗುವುದಿಲ್ಲ, ಹೇಳಿದೆನಲ್ಲ," ಎಂದಳು ಅಕ್ಕು.

"ನನಗೆ ವಾಸನೆ ಬರುತ್ತದೆ ಮಾಮಿ, ಆದರೆ ಎಂತ ವಾಸನೆ ಬರಬೇಕು ಅಂತ ಗೊತ್ತಿಲ್ಲ. ಅದು ನಿಮಗೆ ಗೊತ್ತು."

ಅಕ್ಕು ಒಲೆಯ ಹತ್ತಿರ ಸ್ಟೂಲು ಎಳೆದುಕೊಂಡಳು. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಕೊತ್ತಂಬರಿ. ನಿಖಿತಾ ಬಗ್ಗಿ ಮೂಸಿದಳು.

"ಹಸಿ ಹುಲ್ಲಿನ ಹಾಗೆ ಉಂಟು."

"ಕೈಯಾಡಿಸು. ಅದು ಹೋಗಬೇಕು."

"ಈಗ ಹುಲ್ಲು ಒಣಗಿದ ಹಾಗೆ. ಗದ್ದೆಯಲ್ಲಿ ಬೈಹುಲ್ಲು ಹಾಕಿದಾಗ ಬರುತ್ತದಲ್ಲ, ಹಾಗೆ."

ಅಕ್ಕು ಈ ವಾಸನೆಯನ್ನು ಹೀಗೆ ಎಂದೂ ಯೋಚಿಸಿದವಳಲ್ಲ. ಅವಳಿಗೆ ನಗು ಬಂತು. "ಅದಲ್ಲ. ಇನ್ನೂ ಸ್ವಲ್ಪ. ಕಿತ್ತಳೆಯ ಸಿಪ್ಪೆ ಚಿವುಟಿದ ಹಾಗೆ ಒಮ್ಮೆ ಬರುತ್ತದೆ. ಬಂದ ಕೂಡಲೇ ಇಳಿಸಬೇಕು, ಬಿಟ್ಟರೆ ಕರಕಲು."

ಇಬ್ಬರೂ ಕಾದರು. ಕೊತ್ತಂಬರಿ ಚಟಪಟ ಸದ್ದು ಮಾಡುತ್ತಿತ್ತು. ನಿಖಿತಾ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ಹಣೆಯ ಬೆವರು ಇಳಿದು ಬರುತ್ತಿತ್ತು. ಸೆರಗಿನ ತುದಿಯಿಂದ ಅಕ್ಕು ಅದನ್ನು ಒರೆಸಿದಳು.

"ಮಾಮಿ, ಈಗ!"

ಅಕ್ಕು ಬಾಣಲೆಯೊಳಗೆ ಬಗ್ಗಿ ನೋಡಲಿಲ್ಲ. ಕೈ ಚಾಚಿ ಒಲೆ ಆರಿಸಿದಳು.